ಬೆಳಗಿನ ಜಾವ ಆಟೊ ಹತ್ತುವಾಗ ಚಾಲಕನ ಹೆಸರು, ವೇಷ ನೋಡಿ ನಿರ್ಧರಿಸುವುದು ತಪ್ಪೇ?

ಶಿರಸಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ಬೈಯುವವರು ಬೈಯಿರಿ, ಆದರೆ ಪೂರ್ತಿ ಓದಿದ ಮೇಲೆ ಬೈಯಿರಿ.

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ವಿಜಯನಗರದ ಒಂದು ಪಿ.ಜಿ.ಯಲ್ಲಿ ಇದ್ದೇನೆ. ಹಬ್ಬ, ರಜೆ ಎಂದು ಊರಿಗೆ ಹೋದರೆ ಸ್ಲೀಪರ್ ಬಸ್ಸಿನಲ್ಲಿ ವಾಪಸು ಬರುತ್ತೇನೆ. ಐದೂವರೆಗೆ ತಲುಪಬೇಕಾದ ಬಸ್ಸು ರಸ್ತೆ ಖಾಲಿಯಿದ್ದರೆ ನಾಲ್ಕಕ್ಕೇ ಮೆಜೆಸ್ಟಿಕ್‌ನಲ್ಲಿ ಇಳಿಸಿಬಿಡುತ್ತದೆ. ಬಾಗಿಲು ತೆರೆಯುವ ಮೊದಲೇ ಹತ್ತು ಜನ ಆಟೊದವರು ಸುತ್ತುವರಿದಿರುತ್ತಾರೆ. ಯಾರ ಆಟೊ ಹತ್ತಬೇಕು ಎಂದು ಅರೆ ನಿಮಿಷದಲ್ಲಿ ತೀರ್ಮಾನಿಸಬೇಕು. ಕೇಳದೆಯೇ ಬ್ಯಾಗಿಗೆ ಕೈ ಹಾಕುವವನು ಬೇಡ. ಪಕ್ಕದಲ್ಲಿ ಗೆಳೆಯನನ್ನು ಕೂರಿಸಿಕೊಂಡವನು ಬೇಡ. ಕುಡಿದ ವಾಸನೆ ಬಂದರೆ ಖಂಡಿತ ಬೇಡ. ಇಷ್ಟಕ್ಕೆ ಯಾರ ತಕರಾರೂ ಇರಲಾರದು.

ಆದರೆ ನನ್ನ ಕಣ್ಣು ಇನ್ನೂ ಕೆಲವನ್ನು ನೋಡುತ್ತದೆ. ವೇಷ, ಗಡ್ಡ, ಮಾತನಾಡುವ ಭಾಷೆ, ಸೀಟಿನ ಹಿಂದೆ ಇರುವ ಗುರುತಿನ ಫಲಕದಲ್ಲಿನ ಹೆಸರು. ನಮ್ಮ ಕಡೆಯವನ ಹಾಗೆ ಕಂಡವನ ಆಟೊ ಹತ್ತುತ್ತೇನೆ. ಕಚೇರಿಯ ಗೆಳತಿಯೊಬ್ಬಳಿಗೆ ಇದನ್ನು ಹೇಳಿದಾಗ ಅವಳು, "ನಮ್ಮ ಅಜ್ಜನನ್ನು ಹೋಟೆಲಿನೊಳಗೆ ಬಿಡದವರೂ ಇದನ್ನೇ ಹೇಳುತ್ತಿದ್ದರು, ಅವರಿಗೂ ಅದು ಎಚ್ಚರಿಕೆಯೇ ಆಗಿತ್ತು" ಎಂದಳು. ನನಗೆ ಸಿಟ್ಟು ಬಂತು. ಆದರೆ ಉತ್ತರ ಹೊಳೆಯಲಿಲ್ಲ.

ಒಂಟಿ ಹೆಣ್ಣು, ಕತ್ತಲು, ಅರೆ ನಿಮಿಷ. ಆ ಹೊತ್ತಿನಲ್ಲೂ ನಾನು ಎಲ್ಲರನ್ನೂ ಸಮಾನವಾಗಿ ನೋಡಬೇಕೇ?

ರಾತ್ರಿಪಾಳಿ

ನೋಡಬೇಕಾಗಿಲ್ಲ. ನಾನು ಶುಶ್ರೂಷಕಿ, ರಾತ್ರಿ ಪಾಳಿಯಲ್ಲೇ ಅರ್ಧ ಆಯುಷ್ಯ ಕಳೆದಿದ್ದೇನೆ. ಮನಸ್ಸು ಬೇಡ ಎಂದರೆ ಬೇಡ. ಅದಕ್ಕೆ ಕಾರಣವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. 2005ರ ಡಿಸೆಂಬರ್‌ನಲ್ಲಿ ಇದೇ ಬೆಂಗಳೂರಿನಲ್ಲಿ ಕಾಲ್ ಸೆಂಟರ್ ಹುಡುಗಿಯೊಬ್ಬಳನ್ನು ಕೆಲಸಕ್ಕೆ ಕರೆದೊಯ್ಯಲು ಬಂದ ಚಾಲಕನೇ ಕೊಂದ. ಆಗ ನಮ್ಮ ಹಾಸ್ಟೆಲಿನಲ್ಲಿ ಯಾರೂ ನಿದ್ದೆ ಮಾಡಿರಲಿಲ್ಲ. ಮೋಡ ಕಂಡರೆ ಕೊಡೆ ತೆಗೆದುಕೊಂಡು ಹೊರಡುತ್ತೇವೆ. ಮೋಡಕ್ಕೆ ಅವಮಾನವಾಯಿತೆಂದು ಯಾರಾದರೂ ಹೇಳುತ್ತಾರೆಯೇ?

ಕೋಲಾರದ ಚಿನ್ನ

ಹತ್ತುವುದು ಬಿಡುವುದು ನಿಮ್ಮ ಇಷ್ಟ ಅಕ್ಕಾ. ದುಡ್ಡು ಕೊಡುವವರು ನೀವು.

ನಿಲ್ದಾಣದ ರಫೀಕ

ನಾನು ಆಟೊ ಓಡಿಸುತ್ತೇನೆ, ಹೆಚ್ಚಾಗಿ ರಾತ್ರಿಯೇ. ಗಡ್ಡವೂ ಇದೆ, ನೀವು ಹೇಳುವ ಹೆಸರೂ ಇದೆ. ರಾತ್ರಿಪಾಳಿ ಮೇಡಂ, ಮೋಡಕ್ಕೆ ಮನಸ್ಸಿಲ್ಲ. ನನಗಿದೆ.

ಸವಾರಿ ಹತ್ತುತ್ತಾರೆ, ಕೂರುತ್ತಾರೆ, ಮೀಟರ್ ಹಾಕುತ್ತೇನೆ. ಆಗ ಸೀಟಿನ ಹಿಂದಿನ ಫಲಕ ಓದುತ್ತಾರೆ. "ಅಯ್ಯೋ, ಒಂದು ನಿಮಿಷ, ಫೋನ್ ಬಂತು" ಎಂದು ಇಳಿದು, ನನ್ನ ಹಿಂದಿನ ಆಟೊ ಹತ್ತುತ್ತಾರೆ. ಫೋನ್ ಬಂದಿರುವುದಿಲ್ಲ. ಆ ಫಲಕವನ್ನು ಹಾಕಿಸಿದ್ದೇ ನಿಮ್ಮ ಸುರಕ್ಷತೆಗಾಗಿ. ಅದರಲ್ಲಿ ನನ್ನ ಫೋಟೊ, ವಿಳಾಸ, ಲೈಸೆನ್ಸ್ ವಿವರ ಎಲ್ಲ ಇದೆ. ಫೋಟೊ ತೆಗೆದು ಮನೆಗೆ ಕಳುಹಿಸಿ, ನಾನೇ ಆಟೊ ನಿಲ್ಲಿಸಿ ದೀಪ ಹಾಕುತ್ತೇನೆ. ಆದರೆ ಅಲ್ಲಿರುವ ಹೆಸರೊಂದನ್ನೇ ಓದಿ ಇಳಿದು ಹೋದರೆ ಆ ಫಲಕದಿಂದ ನಿಮಗೇನು ರಕ್ಷಣೆ ಸಿಕ್ಕಿತು?

ಇನ್ನೊಂದು ವಿಷಯ. ನನಗೂ ಭಯವಿದೆ. ರಾತ್ರಿ ಒಂದು ಗಂಟೆಗೆ ಮೂವರು ಹುಡುಗರು ಬಂದು, ಎರಡು ಪಟ್ಟು ಕೊಡುತ್ತೇವೆ, ಊರ ಹೊರಗಿನ ಲೇಔಟಿಗೆ ಬಿಡಿ ಎಂದರೆ ನಾನು ಹೋಗುವುದಿಲ್ಲ. ನಮ್ಮ ನಿಲ್ದಾಣದ ಗೆಳೆಯನೊಬ್ಬನ ಕುತ್ತಿಗೆಗೆ ಚಾಕು ಇಟ್ಟು ಸಂಪಾದನೆ ಕಿತ್ತುಕೊಂಡಿದ್ದಾರೆ. ಆ ಹುಡುಗರು ಯಾವ ಜಾತಿ ಎಂದು ನಾನು ನೋಡುವುದಿಲ್ಲ. ಹೊತ್ತು, ಜಾಗ, ಎಷ್ಟು ಜನ, ದುಡ್ಡಿನ ಆಸೆ ಯಾಕೆ ತೋರಿಸುತ್ತಿದ್ದಾರೆ, ಇಷ್ಟನ್ನೇ ನೋಡುತ್ತೇನೆ.

ಲೆಕ್ಕದ ಮೇಷ್ಟ್ರು

ರಫೀಕಣ್ಣನವರು ಅನುಭವದಿಂದ ಹೇಳಿದ್ದನ್ನು ನಾನು ಅಂಕಿಯಲ್ಲಿ ತೋರಿಸುತ್ತೇನೆ. ಇದು ಕಲ್ಪಿತ ಲೆಕ್ಕ, ಯಾವ ಊರಿನದೂ ಅಲ್ಲ.

ಒಂದು ಊರಿನಲ್ಲಿ 10,000 ಚಾಲಕರಿದ್ದಾರೆ. 8,000 ಮಂದಿ 'ಅ' ಗುಂಪಿನವರು, 2,000 ಮಂದಿ 'ಬ' ಗುಂಪಿನವರು. 'ಅ' ಗುಂಪಿನಲ್ಲಿ ಸಾವಿರಕ್ಕೆ ಒಬ್ಬ ಕೆಟ್ಟವನು, 'ಬ' ಗುಂಪಿನಲ್ಲಿ ಸಾವಿರಕ್ಕೆ ಇಬ್ಬರು ಎಂದುಕೊಳ್ಳೋಣ. ಅಂದರೆ ಊರಿನ ಜನ ಹೇಳುವ ಮಾತು ನಿಜವೆಂದೇ ಇಟ್ಟುಕೊಳ್ಳೋಣ, 'ಬ' ಗುಂಪು ಎರಡು ಪಟ್ಟು ಅಪಾಯಕಾರಿ. ಒಟ್ಟು ಕೆಟ್ಟವರು 12, ಅವರಲ್ಲಿ ಎಂಟು ಜನ 'ಅ' ಗುಂಪಿನವರೇ. ಈಗ ನೀವು 'ಬ' ಗುಂಪಿನವರ ಆಟೊ ಹತ್ತುವುದನ್ನೇ ಬಿಟ್ಟಿರಿ. ನಿಮ್ಮ ಅಪಾಯ ಹತ್ತು ಸಾವಿರಕ್ಕೆ ಹನ್ನೆರಡರಿಂದ ಹತ್ತಕ್ಕೆ ಇಳಿಯಿತು, ಅಷ್ಟೇ. ಅದಕ್ಕಾಗಿ 1,996 ಜನ ನಿರಪರಾಧಿಗಳನ್ನು ದೂರ ಇಟ್ಟಿರಿ. ಜೊತೆಗೆ, 'ನಮ್ಮವನೇ' ಎಂಬ ಧೈರ್ಯದಲ್ಲಿ 'ಅ' ಗುಂಪಿನವನ ಆಟೊದಲ್ಲಿ ನಿದ್ದೆ ಹೋದರೆ, ಆ ಸಣ್ಣ ಲಾಭವೂ ಕೈಬಿಟ್ಟಿತು.

ಕುಡಿದಿರುವುದು, ಹೇಳಿದ ದಾರಿ ಬಿಟ್ಟು ಹೋಗುವುದು, ಜೊತೆಗೆ ಇನ್ನೊಬ್ಬನನ್ನು ಹತ್ತಿಸಿಕೊಳ್ಳುವುದು, ಇವುಗಳಲ್ಲಿ ಇರುವ ಸುಳಿವು ಹೆಸರಿನಲ್ಲಿ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷವರ್ಷವೂ ಪ್ರಕಟಿಸುವ ವರದಿಯನ್ನು ತೆರೆದು ನೋಡಿ. ಅತ್ಯಾಚಾರದ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಆ ಹೆಣ್ಣಿಗೆ ಪರಿಚಿತನೇ. ನಾವು ಕಾವಲು ಹಾಕುವುದು ಅಪರಿಚಿತನಿಗೆ.

ರಾತ್ರಿಪಾಳಿ

ಮೇಷ್ಟ್ರೇ, ಬೆಳಗಿನ ಜಾವ ನಾಲ್ಕಕ್ಕೆ ಯಾರ ಕೈಯಲ್ಲೂ ಸೀಮೆಸುಣ್ಣ ಇರುವುದಿಲ್ಲ. ಹತ್ತು ಸಾವಿರಕ್ಕೆ ಹನ್ನೆರಡೋ ಹತ್ತೋ, ಆ ಎರಡರ ವ್ಯತ್ಯಾಸದಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಅವಳು ನನ್ನ ತಂಗಿಯಾಗಿದ್ದರೆ?

ಇನ್ನು ಪರಿಚಿತರ ಮಾತು. ಪರಿಚಿತರಿಂದ ಅಪಾಯ ಹೆಚ್ಚು ಎಂದರೆ ಅಪರಿಚಿತರಿಂದ ಇಲ್ಲವೆಂದಲ್ಲ. ನಾವು ಅಪರಿಚಿತರಿಂದ ತಪ್ಪಿಸಿಕೊಂಡು ಓಡಾಡುವುದರಿಂದಲೇ ಆ ಸಂಖ್ಯೆ ಕಡಿಮೆ ಇರಬಹುದಲ್ಲವೇ?

ಲೆಕ್ಕದ ಮೇಷ್ಟ್ರು

ಎರಡನೆಯ ಮಾತು ಸರಿಯಾಗಿದೆ, ಒಪ್ಪುತ್ತೇನೆ. ಮೊದಲನೆಯದಕ್ಕೆ ಮಾತ್ರ: ನೀವು ಹೇಳಿದ 2005ರ ಪ್ರಕರಣದಲ್ಲಿ ಆ ಹುಡುಗಿ ವಾಹನ ಹತ್ತಿದ್ದು ಕಚೇರಿಯ ಚಾಲಕ ಎಂಬ ನಂಬಿಕೆಯಿಂದ. ಆಮೇಲೆ ಬಂದ ಕ್ರಮಗಳನ್ನು ನೋಡಿ. ರಾತ್ರಿ ಪಾಳಿಯ ವಾಹನದಲ್ಲಿ ಮಹಿಳೆಯನ್ನು ಮೊದಲು ಹತ್ತಿಸಬಾರದು, ಕೊನೆಗೆ ಇಳಿಸಬಾರದು, ಜೊತೆಗೆ ಕಾವಲಿನವರು ಇರಬೇಕು. ಚಾಲಕ ಇಂಥ ಊರಿನವನಾಗಿರಬಾರದು, ಇಂಥ ಜಾತಿಯವನಾಗಿರಬಾರದು ಎಂದು ಯಾರೂ ಬರೆಯಲಿಲ್ಲ.

ತುಮಕೂರು ರಸ್ತೆ

ಎಲ್ಲರೂ ಜಾತಿ, ಧರ್ಮ ಎನ್ನುತ್ತಿದ್ದೀರಿ. ಗಂಡಸರ ಬಗ್ಗೆ ಯಾಕೆ ಯಾರೂ ಮಾತನಾಡುತ್ತಿಲ್ಲ? ರಾತ್ರಿ ನಡೆದು ಹೋಗುವಾಗ ಮುಂದೆ ಹೋಗುತ್ತಿರುವ ಹೆಂಗಸು ನನ್ನನ್ನು ತಿರುಗಿ ನೋಡಿ, ಬ್ಯಾಗನ್ನು ಎದೆಗವಚಿಕೊಂಡು ರಸ್ತೆ ದಾಟುತ್ತಾಳೆ. ನಾನೇನು ಮಾಡಿದೆ? ಮೇಷ್ಟ್ರ ಲೆಕ್ಕದ ಪ್ರಕಾರ ಸಾವಿರದಲ್ಲಿ 998ಕ್ಕೂ ಹೆಚ್ಚು ಗಂಡಸರು ಒಳ್ಳೆಯವರೇ. ಹಾಗಾದರೆ ಇದೂ ಪೂರ್ವಗ್ರಹವೇ ಅಲ್ಲವೇ? ಗಂಡಸರಿಗೆ ಒಂದು ನ್ಯಾಯ, ಬೇರೆಯವರಿಗೆ ಇನ್ನೊಂದೇ?

ಹೂವಿನಹಡಗಲಿ

ಬಂದರು. ಇವರನ್ನೇ ಕಾಯುತ್ತಿದ್ದೆ.

ಲೆಕ್ಕದ ಮೇಷ್ಟ್ರು

ಹೂವಿನಹಡಗಲಿಯವರೇ, ಇದು ಒಳ್ಳೆಯ ಪ್ರಶ್ನೆ, ತಳ್ಳಿಹಾಕಬೇಡಿ.

ಹೌದು, ಅದೂ ಗುಂಪು ನೋಡಿ ಮಾಡುವ ತೀರ್ಮಾನವೇ. ಆದರೆ ಎರಡು ವ್ಯತ್ಯಾಸಗಳಿವೆ. ನನ್ನ ಲೆಕ್ಕದಲ್ಲಿ ಎರಡು ಗುಂಪುಗಳ ನಡುವಿನ ಅಂತರ ಒಂದಕ್ಕೆ ಎರಡು. ರಸ್ತೆಯಲ್ಲಿ ಹೆಣ್ಣಿನ ಮೇಲೆ ಕೈಹಾಕುವವರಲ್ಲಿ ಗಂಡಸು ಮತ್ತು ಹೆಂಗಸಿನ ನಡುವಿನ ಅಂತರ ಅಷ್ಟೇ ಎಂದು ನೀವೂ ಹೇಳಲಾರಿರಿ. ಅಲ್ಲಿ ಸುಳಿವು ನಿಜಕ್ಕೂ ದೊಡ್ಡದು. ಇನ್ನೊಂದು, ಅವಳು ರಸ್ತೆ ದಾಟಿದ್ದರಿಂದ ನಿಮಗೆ ಆದ ನಷ್ಟವೇನು? ಬೇಸರ. ಅದು ಸುಳ್ಳಲ್ಲ. ಆದರೆ ನಿಮ್ಮ ಬಾಡಿಗೆ ಹೋಗಲಿಲ್ಲ, ಕೆಲಸ ಹೋಗಲಿಲ್ಲ.

ತುಮಕೂರು ರಸ್ತೆ

ಬೇಸರ ನಷ್ಟವಲ್ಲ ಎಂದು ಹೇಳುವುದಾದರೆ ರಫೀಕ ಅವರಿಗೂ ಅದನ್ನೇ ಹೇಳಿ.

ನಿಲ್ದಾಣದ ರಫೀಕ

ನನಗೆ ಬೇಸರ ಒಂದೇ ಅಲ್ಲ ಸರ್, ಒಂದು ಸವಾರಿಯೂ ಹೋಗುತ್ತದೆ. ದಿನಕ್ಕೆ ಕೆಲವು ಸವಾರಿ ಹಾಗೆ ಹೋದರೆ ಗ್ಯಾಸಿನ ದುಡ್ಡು ಹುಟ್ಟುವುದಿಲ್ಲ. ನೀವು ಹೆಂಗಸಿನ ಹಿಂದೆ ನಡೆಯುತ್ತಿದ್ದೀರಿ ಎಂದು ಗೊತ್ತಾದಾಗ ಸ್ವಲ್ಪ ನಿಧಾನ ಮಾಡಿ, ಇಲ್ಲವೇ ನೀವೇ ರಸ್ತೆ ದಾಟಿ. ನಾನು ಹಾಗೆಯೇ ಮಾಡುತ್ತೇನೆ. ಆ ತಾಯಿಗೂ ನೆಮ್ಮದಿ, ನನಗೂ ನೆಮ್ಮದಿ.

ಹೊಸಕೋಟೆ ಗೌರಮ್ಮನ ಮಗಳು

ಹಳೆಯ ಕಥೆ ಹೇಳುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ದಂಡುಪಾಳ್ಯದ ತಂಡದ ಭಯ ಇತ್ತಲ್ಲ, ಈಗಿನ ಮಕ್ಕಳಿಗೆ ಸಿನಿಮಾದಿಂದ ಗೊತ್ತು, ನಾವು ಅದನ್ನು ಬದುಕಿದವರು. ಮಧ್ಯಾಹ್ನದ ಹೊತ್ತು ಹೆಂಗಸೊಬ್ಬಳು ಬಂದು ಕುಡಿಯಲು ನೀರು ಕೇಳುತ್ತಾಳೆ, ಬಾಗಿಲು ತೆರೆದರೆ ಹಿಂದೆ ಅಡಗಿದ್ದವರು ನುಗ್ಗುತ್ತಾರೆ. ಬಿಸಿಲಿನಲ್ಲಿ ಬಂದವರಿಗೆ ನೀರು ಬೆಲ್ಲ ಕೊಟ್ಟು ರೂಢಿಯಿದ್ದ ಮನೆ ನಮ್ಮದು. ಆ ವರ್ಷಗಳಲ್ಲಿ ಬೀದಿಯ ಬಾಗಿಲುಗಳೆಲ್ಲ ಮುಚ್ಚಿದವು. ಪಾತ್ರೆ ಮಾರುವವಳು, ಸೊಪ್ಪಿನವಳು, ಜೋಗತಿ, ಯಾರಿಗೂ ನೀರಿಲ್ಲ.

ನಮ್ಮ ಅಮ್ಮ ಒಂದು ಕೆಲಸ ಮಾಡಿದರು. ಗ್ರಿಲ್ ಹಾಕಿಸಿದರು. ಗ್ರಿಲ್ ಬಾಗಿಲು ತೆರೆಯುವುದಿಲ್ಲ, ಆದರೆ ಸರಳಿನ ಸಂದಿಯಿಂದ ಚೊಂಬು ನೀರು ಕೊಡುತ್ತಿದ್ದರು. ಅರ್ಚಕರು ಬಂದರೂ ಅಷ್ಟೇ, ಸೊಪ್ಪಿನವಳು ಬಂದರೂ ಅಷ್ಟೇ. ನಮ್ಮ ಮಾವನಿಗೇ ಒಮ್ಮೆ ಸಿಟ್ಟು ಬಂದಿತ್ತು, ಸ್ವಂತ ತಮ್ಮನನ್ನು ಹೊರಗೆ ನಿಲ್ಲಿಸುತ್ತೀಯಾ ಎಂದು.

ದಂಡುಪಾಳ್ಯದ ಸುತ್ತಮುತ್ತ ನಮ್ಮ ನೆಂಟರಿದ್ದಾರೆ. ಹತ್ತಾರು ಜನ ಮಾಡಿದ ಪಾಪಕ್ಕೆ ಒಂದಿಡೀ ಊರಿನ ಹೆಸರು ಬೈಗುಳವಾಯಿತು. ಕೆಲಸ ಕೇಳಿಕೊಂಡು ಹೋದವರು ಊರು ಯಾವುದು ಎಂದರೆ ಹೊಸಕೋಟೆ ಎಂದು ಹೇಳಿ ಸುಮ್ಮನಾಗುತ್ತಿದ್ದರು.

ಮಲ್ಲೇಶ್ವರ 18ನೇ ಅಡ್ಡರಸ್ತೆ

ಅದೇ ದಶಕದಲ್ಲಲ್ಲವೇ ಬಾಗಿಲ ಮೇಲೆಲ್ಲ 'ನಾಳೆ ಬಾ' ಎಂದು ಬರೆದದ್ದು! ದೆವ್ವ ರಾತ್ರಿ ಬಂದು ಮನೆಯವರ ಧ್ವನಿಯಲ್ಲಿ ಕರೆಯುತ್ತದೆ ಎಂದು. ನಮ್ಮ ವಠಾರದಲ್ಲಿ ಒಂದು ಬಾಗಿಲೂ ಬಿಟ್ಟಿರಲಿಲ್ಲ, ಸುಣ್ಣದಲ್ಲಿ ನಾನೇ ಬರೆದಿದ್ದೆ.

ಕೋಲಾರದ ಚಿನ್ನ

ನಮ್ಮ ಕಡೆಯೂ ಇತ್ತು. ನಮ್ಮಜ್ಜಿ ತೆಲುಗಿನಲ್ಲಿಯೂ ಬರೆಸಿದ್ದರು.

ವೇದಿಕೆಯ ನಿರ್ವಾಹಕರು

ದೆವ್ವದ ವಿಷಯಕ್ಕೆ ಬೇರೆ ಚರ್ಚೆ ಆರಂಭಿಸಿ, ದಯವಿಟ್ಟು.

ಔರಾದ್ ತಾಲ್ಲೂಕು

ದೆವ್ವದ ಭಯದಿಂದ ಯಾರೂ ಸಾಯಲಿಲ್ಲ. ನಮ್ಮ ಭಾಗದಲ್ಲಿ ಮನುಷ್ಯರ ಭಯದಿಂದ ಸತ್ತರು.

2018ರ ಜುಲೈ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಕಾರು ನಿಲ್ಲಿಸಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರಲ್ಲಿ ಒಬ್ಬರು ಕತಾರ್‌ನಿಂದ ಬಂದಿದ್ದರು, ಚಾಕೊಲೇಟ್ ಅಲ್ಲಿಯದು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿತು. ನಮ್ಮ ಬೀದರ್ ಜಿಲ್ಲೆಯ ಮುರ್ಕಿಯ ಬಳಿ ರಸ್ತೆಗೆ ಅಡ್ಡ ಹಾಕಿ ಹೊಡೆದರು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಅದಕ್ಕೆ ಎರಡು ತಿಂಗಳು ಮೊದಲು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದ ರಾಜಸ್ಥಾನದ ಯುವಕನನ್ನು ಇದೇ ಅನುಮಾನದಿಂದ ಕಟ್ಟಿ ಹೊಡೆದು ಕೊಂದರು. ಆ ದಿನಗಳಲ್ಲಿ ದೇಶದಾದ್ಯಂತ ಹರಿದಾಡಿದ ಅಪಹರಣದ ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವಿಗಾಗಿ ಮಾಡಿದ್ದು. ಮಗುವನ್ನು ವಾಪಸು ತಂದು ಬಿಡುವ ಕೊನೆಯ ಭಾಗವನ್ನು ಕತ್ತರಿಸಿ ಹಂಚಿದ್ದರು.

ಹೊಡೆದವರನ್ನು ಕೇಳಿ ನೋಡಿ. ನಮ್ಮ ಮಕ್ಕಳ ರಕ್ಷಣೆಗಾಗಿ ಮಾಡಿದೆವು ಎನ್ನುತ್ತಾರೆ. ಹೊಸಬ, ಹೊರಗಿನವ, ನಮ್ಮ ಭಾಷೆ ಬಾರದವ. ಇಷ್ಟೇ ಸಾಕ್ಷಿ.

ರಾತ್ರಿಪಾಳಿ

ಅಣ್ಣಾ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಒಂಟಿಯಾಗಿ ಬೇರೆ ಆಟೊ ಹತ್ತುವ ಹುಡುಗಿಯನ್ನೂ, ದೊಣ್ಣೆ ಹಿಡಿದು ನಿಂತ ಗುಂಪನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ. ಅವಳು ಓಡಿ ಹೋಗುತ್ತಿದ್ದಾಳೆ. ಅವರು ಅಟ್ಟಿಸಿಕೊಂಡು ಬರುತ್ತಿದ್ದಾರೆ.

ಔರಾದ್ ತಾಲ್ಲೂಕು

ಒಂದೇ ಎನ್ನುತ್ತಿಲ್ಲ ಅಕ್ಕಾ. ಆದರೆ ಅವಳು ಓಡಿ ಹೋಗಿ ಸುಮ್ಮನಿರುವುದಿಲ್ಲ. ಪಿ.ಜಿ.ಯ ಗುಂಪಿಗೆ ಸಂದೇಶ ಹಾಕುತ್ತಾಳೆ: 'ಇಂಥವರ ಆಟೊ ಹತ್ತಬೇಡಿ.' ಅದು ಇನ್ನೈದು ಗುಂಪಿಗೆ ಹೋಗುತ್ತದೆ. 2018ರಲ್ಲಿ ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವಂತೆ ಮಿತಿ ಹಾಕಿದ್ದು ಯಾಕೆ ಎಂದು ನೆನಪಿಸಿಕೊಳ್ಳಿ. ಆಟೊ ಸಂಖ್ಯೆ ಹಾಕಿ, ಆ ಚಾಲಕ ಏನು ಮಾಡಿದ ಎಂದು ಬರೆಯಿರಿ, 112ಕ್ಕೆ ಹೇಳಿ. ಸಮುದಾಯದ ಹೆಸರು ಹಾಕಬೇಡಿ. ನನ್ನದು ಇಷ್ಟೇ.

ಮಂಜುಳ ಗಾಳಿ

ನಾನು ಲಿಂಗತ್ವ ಅಲ್ಪಸಂಖ್ಯಾತ ಮಹಿಳೆ. ಮಕ್ಕಳ ಕಳ್ಳರು ಎಂಬ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ.

2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿದರು. ಗಂಡುಮಕ್ಕಳನ್ನು ಅಪಹರಿಸುವ ಅನುಮಾನದ ಮೇಲೆ ನಮ್ಮಂಥವರ ಹೆಸರು, ವಿಳಾಸದ ಪಟ್ಟಿ ಇಡಲು ಅದರಲ್ಲಿ ಅವಕಾಶವಿತ್ತು. ನಾನು ಯಾರನ್ನೂ ಅಪಹರಿಸಿಲ್ಲ, ನಾನು ಹುಟ್ಟಿದ ರೀತಿಯೇ ಅನುಮಾನಕ್ಕೆ ಸಾಕಾಗಿತ್ತು. ನಮ್ಮವರು ಹೈಕೋರ್ಟಿಗೆ ಹೋದ ಮೇಲೆ ನಮ್ಮನ್ನು ಹೆಸರಿಸಿದ್ದ ಪದವನ್ನು ಕಾಯ್ದೆಯಿಂದ ತೆಗೆದರು. ಜನರ ತಲೆಯಿಂದ ಯಾರು ತೆಗೆಯುತ್ತಾರೆ? ಶಕ್ತಿ ಯೋಜನೆಯಲ್ಲಿ ನಮಗೂ ಬಸ್ ಉಚಿತ. ಹತ್ತಿ ಕುಳಿತರೆ ಪಕ್ಕದ ತಾಯಿ ಮಗುವನ್ನು ಎತ್ತಿ ಆ ಕಡೆಯ ತೊಡೆಗೆ ಕೂರಿಸಿಕೊಳ್ಳುತ್ತಾರೆ.

ಈಗ ನನ್ನ ರಾತ್ರಿಯ ಬಗ್ಗೆ ಕೇಳಿ. ನಾಲ್ಕು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ನನಗೂ ಭಯ. ಕುಡಿದ ಗಂಡಸರ ಭಯ. ಕೆಲವೊಮ್ಮೆ ಲಾಠಿಯ ಭಯ. ಶಿರಸಿಯ ತಂಗಿ ಕಷ್ಟದಲ್ಲಿ ಕೂಗಿದರೆ ನಾಲ್ಕು ಜನ ಬಂದಾರು. ನಾನು ಕೂಗಿದರೆ ತಪ್ಪು ನನ್ನದೇ ಎಂದುಕೊಂಡು ಬರುತ್ತಾರೆ. ಇಲ್ಲಿ ಸುರಕ್ಷತೆಯ ಬಗ್ಗೆ ಇಷ್ಟು ಜನ ಬರೆದಿದ್ದೀರಿ. ಅದು ಯಾರ ಸುರಕ್ಷತೆ ಎಂದು ಒಬ್ಬರೂ ಕೇಳಲಿಲ್ಲ.

ಹೂವಿನಹಡಗಲಿ

ಅಕ್ಕಾ, ಇದನ್ನು ಬರೆದದ್ದಕ್ಕೆ ಕೈಮುಗಿಯುತ್ತೇನೆ.

ಕಪ್ಪು ಕೋಟು, ಧಾರವಾಡ

36ಎಗೆ ಒಂದು ಹಿರಿಯ ಅಕ್ಕ ಇದ್ದಳು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಆ ಕಾಯ್ದೆಯ ಎರಡನೆಯ ಭಾಗ ಇದ್ದದ್ದೇ ಮಂಜುಳ ಅವರಂಥವರ ನೋಂದಣಿಗಾಗಿ. ಮೊದಲ ಭಾಗದಲ್ಲಿ ಇಡೀ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದರು. 1952ರಲ್ಲಿ ಆ ಪಟ್ಟಿ ರದ್ದಾಯಿತು, ಆದರೆ ಊರಿನಲ್ಲಿ ಕಳವಾದರೆ ಪೊಲೀಸ್ ಜೀಪು ಮೊದಲು ಹೋಗುವುದು ಇಂದಿಗೂ ಅದೇ ಹಟ್ಟಿಗಳಿಗೆ. ಜೈಲಿನ ಕೈಪಿಡಿಗಳಲ್ಲಿ ಈ ಸಮುದಾಯಗಳನ್ನು ರೂಢಿಗತ ಅಪರಾಧಿಗಳೆಂದು ಕಾಣುವ ನಿಯಮಗಳನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 2024ರ ಅಕ್ಟೋಬರ್‌ನಲ್ಲಿ.

ನನ್ನ ಪ್ರಕಾರ ಗೆರೆ ಎಲ್ಲಿದೆ ಎಂದರೆ: ನಿಮ್ಮ ಕಾಲು ಎತ್ತ ಹೋಗಬೇಕು ಎಂಬುದು ನಿಮಗೆ ಬಿಟ್ಟದ್ದು. ಅಲ್ಲಿ ಕಾನೂನು ಬರುವುದಿಲ್ಲ, ಬರಲೂಬಾರದು. ನಿಮ್ಮ ಕೈಯಲ್ಲಿ ಇನ್ನೊಬ್ಬರಿಗೆ ಬೇಕಾದದ್ದು ಇದ್ದಾಗ ಮಾತು ಬೇರೆ. ಮನೆ, ಕೆಲಸ, ಶಾಲೆಯ ಸೀಟು, ಪೊಲೀಸ್ ಠಾಣೆಯ ದೂರು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿ ಧರ್ಮದ ಕಾರಣಕ್ಕೆ ಯಾರನ್ನೂ ತಡೆಯಬಾರದು ಎನ್ನುತ್ತದೆ. ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ, ಅದೇ ದೊಡ್ಡ ಸಂಕಟ.

ಬಸವನಗುಡಿ ಅಜ್ಜಿ

ವಕೀಲರೇ, ಮನೆಯ ಮಾತು ಬಂತು, ನನಗೆ ಉತ್ತರ ಹೇಳಿ. ನನಗೆ 68 ವರ್ಷ. ಯಜಮಾನರು ಇಲ್ಲ, ಮಕ್ಕಳು ಹೊರದೇಶದಲ್ಲಿದ್ದಾರೆ. ಕೆಳಗೆ ನಾನೊಬ್ಬಳೇ, ಮಹಡಿಯ ಮನೆಯನ್ನು ಬಾಡಿಗೆಗೆ ಕೊಡುತ್ತೇನೆ. ಸಂಸಾರಸ್ಥರಿಗೆ, ನಮ್ಮ ಆಚಾರದವರಿಗೆ ಮಾತ್ರ ಕೊಡುತ್ತೇನೆ. ರಾತ್ರಿ ಎದೆ ನೋವು ಬಂದರೆ ಬಾಗಿಲು ತಟ್ಟಬೇಕಾದವರು ಅವರೇ. ಗೊತ್ತಿಲ್ಲದ ಹುಡುಗರನ್ನು ತಲೆಯ ಮೇಲೆ ಇಟ್ಟುಕೊಂಡು ಹೇಗೆ ಮಲಗಲಿ?

ಕಲಬುರಗಿ ಬಿಸಿಲು

ಅಮ್ಮಾ, ನೀವು ಬಾಗಿಲಿನಿಂದಲೇ ಕಳುಹಿಸಿದ ಹುಡುಗರಲ್ಲಿ ಒಬ್ಬನ ಮಾತು ಕೇಳಿ.

ನಾಲ್ಕು ವರ್ಷದ ಹಿಂದೆ ಇದೇ ಊರಿಗೆ ಕೆಲಸಕ್ಕೆ ಬಂದೆ. ಫೋನಿನಲ್ಲಿ ಮನೆ ಇದೆ ಎನ್ನುತ್ತಿದ್ದರು. ಎದುರಿಗೆ ಹೋದರೆ ಮೊದಲ ಪ್ರಶ್ನೆ, ಯಾವ ಊರು. ಎರಡನೆಯದು, ಪೂರ್ತಿ ಹೆಸರು. ಮೂರನೆಯದು, ಮನೆಯಲ್ಲಿ ಏನು ಊಟ. ಅಲ್ಲಿಗೆ ಅವರಿಗೆ ಬೇಕಾದದ್ದು ಗೊತ್ತಾಗುತ್ತಿತ್ತು. ನನ್ನ ಸಂಬಳದ ಚೀಟಿ, ಕಂಪನಿಯ ಪತ್ರ, ಊರಿನ ಹಳೆಯ ಮಾಲೀಕರ ಫೋನ್ ಸಂಖ್ಯೆ ಎಲ್ಲ ಚೀಲದಲ್ಲಿ ಇತ್ತು. ಒಬ್ಬರೂ ಅದನ್ನು ಕೇಳಲಿಲ್ಲ. ಸುರಕ್ಷತೆಯ ಭಯವಾಗಿದ್ದರೆ ಕೇಳಬೇಕಾದದ್ದು ಅದನ್ನಲ್ಲವೇ?

ನಿಮಗೆ ರಾತ್ರಿ ಎದೆನೋವು ಬಂದರೆ ಮಹಡಿಯಿಂದ ಓಡಿ ಬರುವವನು ಯಾವ ಆಚಾರದವನು ಎಂದು ಅವನ ಊಟ ನೋಡಿ ಹೇಳಲಾಗುತ್ತದೆಯೇ?

ಬಸವನಗುಡಿ ಅಜ್ಜಿ

ಮಗೂ, ನಿನ್ನ ಮಾತಿನಲ್ಲಿ ನ್ಯಾಯವಿದೆ. ಆದರೆ ನನ್ನ ಮನೆಯೊಳಗಿನ ಭಯಕ್ಕೆ ನಾನೇ ಯಜಮಾನಿ. ನಿನಗೆ ಬೇರೆ ಮನೆ ಸಿಕ್ಕೀತು, ನನಗೆ ಇರುವುದು ಇದೊಂದೇ.

ಕಲಬುರಗಿ ಬಿಸಿಲು

ಎಲ್ಲರೂ ಹಾಗೆಯೇ ಅಂದುಕೊಂಡರು ಅಮ್ಮಾ. ಬೇರೆ ಮನೆ ಸಿಕ್ಕೀತು ಎಂದು. ಅದಕ್ಕೇ ಸಿಗಲಿಲ್ಲ.

ಕೆಂಗೇರಿ ಉಪನಗರ

ಇನ್ನೊಂದು ದಿಕ್ಕಿನಿಂದ ಯೋಚಿಸಿ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಎರಡು ಮೂರು ದಿನಗಳಲ್ಲಿ ಬೆಂಗಳೂರು ಬಿಟ್ಟು ಹೋದರು. ಹಲ್ಲೆ ನಡೆಯುತ್ತದೆ ಎಂಬ ಎಸ್ಸೆಮ್ಮೆಸ್ ವದಂತಿ. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು, ಕೇಂದ್ರ ಸರ್ಕಾರ ಕೆಲವು ದಿನ ಸಾಮೂಹಿಕ ಸಂದೇಶಗಳನ್ನೇ ನಿಲ್ಲಿಸಿತು. ನನ್ನ ಸಹೋದ್ಯೋಗಿ ಅಸ್ಸಾಮಿನವನು, ಬೀಗದ ಕೈ ನನಗೆ ಕೊಟ್ಟು ಹೊರಟ. "ನಿನ್ನ ಮೇಲೆ ಅನುಮಾನವಿಲ್ಲ, ಆದರೆ ಬೀದಿಯಲ್ಲಿ ಯಾರು ಯಾರೆಂದು ನನಗೆ ಹೇಗೆ ಗೊತ್ತಾಗಬೇಕು" ಎಂದ.

ಅವನೂ ನಮ್ಮೆಲ್ಲರನ್ನು ಒಂದೇ ಗುಂಪಾಗಿ ನೋಡಿದ. ಅವನನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. 2016ರಲ್ಲಿ ಇದೇ ನಗರದ ಹೊರವಲಯದಲ್ಲಿ, ಸುಡಾನಿನವನೊಬ್ಬ ಮಾಡಿದ ಅಪಘಾತಕ್ಕೆ ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಎಳೆದು ಹೊಡೆದರಲ್ಲ, ಆಫ್ರಿಕಾದವರೆಲ್ಲ ಒಂದೇ ಎಂದು. ಅದಾದ ಮೇಲೆ ಆಫ್ರಿಕಾದ ಹುಡುಗಿಯೊಬ್ಬಳು ಇಲ್ಲಿಯ ಗುಂಪು ಕಂಡರೆ ದಾರಿ ಬದಲಿಸಿದರೆ ಅದನ್ನು ಏನೆಂದು ಕರೆಯುತ್ತೀರಿ? ಸಂಖ್ಯೆಯಲ್ಲಿ ಕಡಿಮೆ ಇರುವವರ ಭಯವನ್ನೂ, ಹೆಚ್ಚು ಇರುವವರ ಭಯವನ್ನೂ ಒಂದೇ ಅಳತೆಯಿಂದ ಅಳೆಯುವುದು ನನಗೆ ಸರಿ ಕಾಣುವುದಿಲ್ಲ.

ತುಮಕೂರು ರಸ್ತೆ

ಈ ಮಾತು ಹಿಡಿಸಿತು. ನನ್ನ ಪ್ರಶ್ನೆಗೂ ಇದರಲ್ಲಿ ಅರ್ಧ ಉತ್ತರವಿದೆ. ಇನ್ನರ್ಧಕ್ಕೆ ಜಗಳ ಮುಂದುವರಿಸುತ್ತೇನೆ.

ನಿವೃತ್ತರ ಮಗ

ಭಯಪಡುವ ಬಗ್ಗೆಯೇ ಮಾತಾಯಿತು. ಮುಖ ನೋಡಿ ನಂಬುವ ಬಗ್ಗೆ? ನಮ್ಮ ತಂದೆ ನಿವೃತ್ತ ಅಧಿಕಾರಿ. ಕೊರಿಯರ್ ಹುಡುಗ ಬಂದರೆ ಗೇಟಿನ ಹೊರಗೇ ನಿಲ್ಲಿಸಿ ಹತ್ತು ಪ್ರಶ್ನೆ ಕೇಳುತ್ತಾರೆ. ಅಂಥವರಿಗೆ ಒಂದು ವಿಡಿಯೊ ಕರೆ ಬಂತು. ಖಾಕಿ ಸಮವಸ್ತ್ರ, ಹಿಂದೆ ಲಾಂಛನ, ಸೊಗಸಾದ ಇಂಗ್ಲಿಷ್. ನಿಮ್ಮ ಹೆಸರಿನಲ್ಲಿ ಮಾದಕ ವಸ್ತುವಿನ ಪಾರ್ಸೆಲ್ ಬಂದಿದೆ, ಡಿಜಿಟಲ್ ಅರೆಸ್ಟ್ ಆಗಿದ್ದೀರಿ ಎಂದರು. ಒಂದೇ ಒಂದು ಪ್ರಶ್ನೆ ಕೇಳದೆ ಉಳಿತಾಯವನ್ನೆಲ್ಲ ವರ್ಗಾಯಿಸಿದರು. ಅಂಥ ಬಂಧನವೇ ನಮ್ಮ ಕಾನೂನಿನಲ್ಲಿ ಇಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವಷ್ಟರಲ್ಲಿ ದುಡ್ಡು ಹೋಗಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮಗೆ ಕಲಿಸಿದವರೇ ಅವರು.

ಅವರ ಅನುಮಾನವೆಲ್ಲ ಬಡವರ ಮೇಲೆ ಖರ್ಚಾಗಿ ಹೋಗಿತ್ತು. ಠಕ್ಕರು ಬರುವಾಗ ಉಳಿದಿರಲಿಲ್ಲ.

ಶಿರಸಿ ಕಡೆಯವಳು

ಎಲ್ಲವನ್ನೂ ಓದಿದೆ, ಗೆಳತಿಗೂ ಓದಿಸಿದೆ. ರಫೀಕಣ್ಣಾ, ಫಲಕದ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಇನ್ನು ಮುಂದೆ ಅದರ ಫೋಟೊ ತೆಗೆದು ಅಮ್ಮನಿಗೆ ಕಳುಹಿಸುತ್ತೇನೆ, ಹೆಸರು ಯಾವುದೇ ಇರಲಿ. ಕುಡಿದವನು, ಜೊತೆಗಾರನಿರುವವನು, ಬ್ಯಾಗು ಕಸಿಯುವವನು, ಇವರ ವಿಷಯದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ.

ಆದರೆ ಒಂದು ವಾದ ನನಗೆ ಬಾಕಿ ಇದೆ. ಅರೆ ನಿಮಿಷದಲ್ಲಿ ಮುಖ ನೋಡಿ ನಿರ್ಧರಿಸುವ ಸ್ಥಿತಿಗೆ ನನ್ನನ್ನು ತಂದವರು ಯಾರು? ಬಸ್ಸು ಇಳಿಸುವ ಜಾಗದಲ್ಲಿ ಬೆಳಕಿಲ್ಲ. ನಿಗದಿತ ದರದ ಆಟೊ ಕೌಂಟರ್ ತೆರೆದಿದ್ದರೆ, ಅಲ್ಲಿ ಚೀಟಿ ಬರೆದುಕೊಡುವವರಿದ್ದರೆ, ನಾನು ಯಾರ ಗಡ್ಡವನ್ನೂ ನೋಡುತ್ತಿರಲಿಲ್ಲ. ಸರದಿಯಲ್ಲಿ ಯಾರು ಬಂದರೋ ಅವರ ಆಟೊ ಹತ್ತುತ್ತಿದ್ದೆ.

ಲೆಕ್ಕದ ಮೇಷ್ಟ್ರು

ಇದನ್ನು ನಾನೇ ಹೇಳಬೇಕಿತ್ತು. ಮಾಹಿತಿ ಇಲ್ಲದ ಕಡೆ ಹೆಸರು, ಬಣ್ಣ ಮಾಹಿತಿಯ ಜಾಗಕ್ಕೆ ಬಂದು ಕೂರುತ್ತವೆ.

ಹೂವಿನಹಡಗಲಿ

ಸೋಮವಾರವಾದರೆ ಮೆಟ್ರೊ ಇದೆಯಲ್ಲ. 2025ರ ಜನವರಿಯಿಂದ ಸೋಮವಾರ ಮಾತ್ರ 4.15ಕ್ಕೇ ಶುರುವಾಗುತ್ತದೆ, ಊರಿನಿಂದ ಬರುವವರಿಗೆ ಅನುಕೂಲವಾಗಲಿ ಎಂದೇ.

ಶಿರಸಿ ಕಡೆಯವಳು

ಸೋಮವಾರ ಅದರಲ್ಲೇ ಹೋಗುತ್ತೇನೆ. ಹಬ್ಬ ಬುಧವಾರ ಬಂದರೆ? ಅಲ್ಲದೆ ವಿಜಯನಗರ ನಿಲ್ದಾಣದಿಂದ ಪಿ.ಜಿ.ವರೆಗೆ ನಡೆಯುವ ದಾರಿ ಬೇರೆ.

ರಾತ್ರಿಪಾಳಿ

ಹಾಗಾದರೆ ಒಂದು ಮನವಿ ಬರೆಯೋಣ. ಹಬ್ಬದ ಮರುದಿನಗಳಲ್ಲೂ ಬೇಗ ಮೆಟ್ರೊ, ರಾತ್ರಿಯಿಡೀ ತೆರೆದಿರುವ ಮಹಿಳಾ ವಿಶ್ರಾಂತಿ ಕೊಠಡಿ, ಆಟೊ ಕೌಂಟರಿನಲ್ಲಿ ರಾತ್ರಿಯೂ ಸಿಬ್ಬಂದಿ. ನನ್ನ ಪಾಳಿಯ ಹುಡುಗಿಯರೆಲ್ಲರ ಸಹಿ ನಾನು ತರುತ್ತೇನೆ.

ಮಂಜುಳ ಗಾಳಿ

ಆ ವಿಶ್ರಾಂತಿ ಕೊಠಡಿಯೊಳಗೆ ನನ್ನನ್ನು ಬಿಡಬೇಕು ಎಂದೂ ಬರೆಯಿರಿ. ಇಲ್ಲವಾದರೆ ನಾನು ಸಹಿ ಹಾಕುವುದಿಲ್ಲ.

ರಾತ್ರಿಪಾಳಿ

ಬರೆಯುತ್ತೇನೆ. ಕೆಲವರು ತಕರಾರು ತೆಗೆಯುತ್ತಾರೆ, ಅವರ ಜೊತೆ ಜಗಳ ಮಾಡಲು ನೀವೂ ಬರಬೇಕು.

ನಿಲ್ದಾಣದ ರಫೀಕ

ಚಾಲಕರ ಕಡೆಯಿಂದ ನಾನು ಸಹಿ ಹಾಕಿಸುತ್ತೇನೆ. ಕೌಂಟರ್ ನಡೆದರೆ ನಮಗೂ ಒಳ್ಳೆಯದು, ಸರದಿಯಲ್ಲಿ ಸವಾರಿ ಸಿಗುತ್ತದೆ. ಶೌಚಾಲಯವನ್ನು ಸೇರಿಸಿ ಮೇಡಂ, ಚಾಲಕರಿಗೂ ಬೇಕು. ಕರಡು ಇಲ್ಲಿಯೇ ಹಾಕಿ, ನಮ್ಮ ನಿಲ್ದಾಣದಲ್ಲಿ ಓದಿ ಹೇಳುತ್ತೇನೆ.